ಯಾವ ಅರ್ಥದಲ್ಲಿ ‘ಗುಡ್’?

(ಶುಭ ಶುಕ್ರವಾರದ ಪ್ರಬೋಧನೆ)



ಇಂದು ಬೆಳಿಗ್ಗೆ ಶಿಲುಬೆ ಹಾದಿ ಮುಗಿಸಿ ಬಂದು ಮೊಬೈಲ್ ತೆರೆದರೆ ನಾಲ್ಕು ಸಂದೇಶಗಳು ಕಾದು ಕುಳಿತಿದ್ದವು. ನಾಲ್ಕರಲ್ಲೂ ‘ಹ್ಯಾಪಿ ಗುಡ್ ಫ್ರೈಡೇ’. ಒಂದರ ಜೊತೆ ಗುಲಾಬಿ ಹೂವು, ಇನ್ನೊಂದರ ಜೊತೆ ಹಾರುವ ಬಲೂನುಗಳು. ಬಲೂನು ಕಳಿಸಿದವರು ನಮ್ಮ ಬೀದಿಯ ದಿನಸಿ ಅಂಗಡಿಯವರು. ಕ್ರಿಸ್ಮಸ್‌ಗೆ ನಮ್ಮ ಕೇಕು ತಿಂದವರು, ದೀಪಾವಳಿಗೆ ನಮಗೆ ಸಿಹಿ ಕಳಿಸಿದವರು. ಅವರದೇನು ತಪ್ಪು? ಸರ್ಕಾರ ರಜೆ ಕೊಟ್ಟಿದೆ, ಹೆಸರಿನಲ್ಲೇ ‘ಗುಡ್’ ಇದೆ, ಹಾಗಿದ್ದ ಮೇಲೆ ಹಬ್ಬವೇ ಇರಬೇಕು ಎಂದುಕೊಂಡಿದ್ದಾರೆ. ನಾವು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆವು. ಭಾನುವಾರ ಅಂಗಡಿಗೆ ಹೋದಾಗ ನಿಧಾನವಾಗಿ ಹೇಳಿದರಾಯಿತು.

ಆದರೆ ಕಳೆದ ವರ್ಷ ಇದೇ ದಿನ ಇದೇ ಪದದ ಬಗ್ಗೆ ಒಬ್ಬ ತಾಯಿ ನಮ್ಮನ್ನು ಒಂದು ಮಾತು ಕೇಳಿದರು. ಅದಕ್ಕೆ ಕೈಮುಗಿದ ಚಿತ್ರ ಸಾಕಾಗುವಂತಿರಲಿಲ್ಲ.

ಆಗ ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದೆವು. ಊರಿನ ಪಕ್ಕದಲ್ಲೇ ಹೆದ್ದಾರಿ. ಜನವರಿಯ ಒಂದು ಶುಕ್ರವಾರ ರಾತ್ರಿ ಆ ತಾಯಿಯ ಒಬ್ಬನೇ ಮಗ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ ಅಪಘಾತವಾಗಿ ತೀರಿಕೊಂಡ. ಮದುವೆಗೆ ಹೆಣ್ಣು ನೋಡುತ್ತಿದ್ದ ಹುಡುಗ. ಅಂತ್ಯಕ್ರಿಯೆಯ ದಿನ ಆ ತಾಯಿಯ ಪಕ್ಕದಲ್ಲಿ ನಿಂತು ನಾವು ಏನು ಹೇಳಿದೆವು ಗೊತ್ತೆ? ಅಳಬೇಡಿ ಅಮ್ಮ, ದೇವರು ಮಾಡುವುದೆಲ್ಲ ಒಳ್ಳೆಯದಕ್ಕೇ ಎಂದೆವು. ಅವರು ನಮ್ಮ ಮುಖ ನೋಡಿದರು, ಮಾತಾಡಲಿಲ್ಲ. ಎರಡು ತಿಂಗಳು ಕಳೆದು ಶುಭ ಶುಕ್ರವಾರ ಬಂತು. ಆರಾಧನೆ ಮುಗಿಯಿತು, ಎಲ್ಲರೂ ಶಿಲುಬೆಗೆ ಮುತ್ತಿಟ್ಟು ಹೊರಟರು. ಅವರು ಮಾತ್ರ ಬಾಗಿಲ ಬಳಿ ನಿಂತಿದ್ದರು. “ಫಾದರ್, ನನ್ನ ಮಗ ಹೋಗಿದ್ದೂ ಶುಕ್ರವಾರಾನೇ ಅಲ್ವಾ? ಅದನ್ನೂ ಗುಡ್ ಅನ್ನಬೇಕಾ?” ಎಂದರು.

ನಮಗೆ ಉತ್ತರ ಹೊಳೆಯಲಿಲ್ಲ. ನಿಮಗಾಗಿ ಪ್ರಾರ್ಥಿಸುತ್ತೇವೆ ಎಂದು ಹೇಳಿ ಒಳಗೆ ಬಂದೆವು. ಅಂದಿನಿಂದ ಆ ನಾಲ್ಕಕ್ಷರದ ಇಂಗ್ಲಿಷ್ ಪದ ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಕುಳಿತಿತ್ತು. ಅದನ್ನು ಸ್ವಲ್ಪ ಬಿಡಿಸಿ ನೋಡಿದ್ದೇವೆ. ಇಂದು ಅದನ್ನೇ ನಿಮ್ಮ ಮುಂದೆ ಇಡುತ್ತೇವೆ.

ಶಾಲೆಗೆ ಸೇರಿದ ಮಗುವಿನ ಕಿವಿಗೆ ಮೊದಲು ಬೀಳುವ ಇಂಗ್ಲಿಷ್ ಪದಗಳಲ್ಲಿ ‘ಗುಡ್’ ಒಂದು. ಅಳದೆ ಕುಳಿತರೆ ಗುಡ್ ಬಾಯ್, ಊಟದ ಡಬ್ಬಿ ಖಾಲಿ ಮಾಡಿದರೆ ಗುಡ್ ಗರ್ಲ್. ಟೀಚರು ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆದುಕೊಟ್ಟ ಪುಟವನ್ನು ಮಗು ಇಡೀ ಬೀದಿಗೆ ತೋರಿಸುತ್ತದೆ. ಒಂದೆರಡು ವರ್ಷದಲ್ಲೇ ಗುಡ್‌ನ ಮೇಲೆ ವೆರಿ ಗುಡ್, ಅದರ ಮೇಲೆ ಎಕ್ಸಲೆಂಟ್ ಇದೆ ಎಂದು ಅದಕ್ಕೆ ತಿಳಿಯುತ್ತದೆ. ಆಮೇಲೆ ಗುಡ್ ಸಿಕ್ಕಿದರೆ ಅಮ್ಮನ ಮುಖ ಸಪ್ಪಗಾಗುತ್ತದೆ. ಶಾಲೆ ಬಿಡುವ ದಿನ ಟಿ.ಸಿ.ಯಲ್ಲಿ ನಡತೆ ಎಂಬ ಸಾಲಿನ ಎದುರು ಮತ್ತೆ ಅದೇ ‘ಗುಡ್’. ಕಿಟಕಿಯ ಗಾಜು ಒಡೆದವನಿಗೂ ಗುಡ್, ಬಾಯಿಬಿಡದೆ ಕುಳಿತಿದ್ದವನಿಗೂ ಗುಡ್. ಅಲ್ಲಿ ಆ ಪದಕ್ಕೆ ‘ತೊಂದರೆ ಏನಿಲ್ಲ, ಕರೆದುಕೊಂಡು ಹೋಗಿ’ ಎನ್ನುವಷ್ಟೇ ಅರ್ಥ.

ಮನೆಯಲ್ಲಿ, ಪೇಟೆಯಲ್ಲಿ ಅದರ ಅರ್ಥ ಇನ್ನೂ ಹರಡಿಕೊಳ್ಳುತ್ತದೆ. ಗುಡ್ ಚಾಕು ಎಂದರೆ ಚೆನ್ನಾಗಿ ಕೊಯ್ಯುವ ಚಾಕು, ಅದಕ್ಕೆ ದಯೆ ದಾಕ್ಷಿಣ್ಯ ಬೇಕಿಲ್ಲ. ಗುಡ್ ಡಾಕ್ಟರ್ ಎಂದರೆ ಕಾಯಿಲೆ ವಾಸಿ ಮಾಡುವವರು, ಎಷ್ಟೇ ಸಿಡುಕಿದರೂ ಜನ ಅವರ ಬಾಗಿಲಲ್ಲೇ ಕಾಯುತ್ತಾರೆ. ಹಾಲು ಇನ್ನೂ ಗುಡ್ ಎಂದರೆ ಒಡೆದಿಲ್ಲ ಎಂದರ್ಥ. ಗುಡ್ ಅವರ್ ಎಂದು ಕಾದವನು ಹೇಳಿದರೆ ಒಂದು ತಾಸಿಗೆ ನಿಮಿಷವೂ ಕಡಿಮೆಯಿಲ್ಲ. ಪದದ ಕೊನೆಗೆ ಒಂದಕ್ಷರ ಸೇರಿದರೆ ಅದು ಸರಕು. ಗೂಡ್ಸ್ ಗಾಡಿ ನಮ್ಮ ಹಳ್ಳಿಯವರಿಗೂ ಗೊತ್ತು. ‘ಫಾರ್ ಗುಡ್’ ಎಂದರೆ ಇನ್ನು ಶಾಶ್ವತವಾಗಿ ಎಂದು. ಊರು ಬಿಟ್ಟು ಹೋದವನು, ಮತ್ತೆ ಬರುವುದಿಲ್ಲ. ಎಂಥ ವಿಚಿತ್ರ ನೋಡಿ, ಮರಳಿ ಬಾರದವನ ಹೋಗುವಿಕೆಗೂ ಈ ಪದವೇ ಬೇಕು.

ನಮ್ಮ ಕನ್ನಡದ ‘ಒಳ್ಳೆ’ಯೇನು ಕಡಿಮೆಯದಲ್ಲ. ಒಳ್ಳೇ ಮಳೆ, ಒಳ್ಳೇ ಏಟು. ಏಟು ತಿಂದವನಿಗೆ ಅದರಲ್ಲಿ ಒಳ್ಳೆಯದೇನೂ ಕಾಣುವುದಿಲ್ಲ! ‘ಒಳ್ಳೇ ಕೋತಿ ಆಡಿದ ಹಾಗೆ ಆಡ್ತೀಯಲ್ಲ’ ಎಂದು ಅಜ್ಜಿ ಗದರುವಾಗ ಅದು ಹೊಗಳಿಕೆಯಲ್ಲ. ‘ಒಳ್ಳೇ ಕಥೆಯಾಯ್ತಲ್ಲ’ ಎಂದರೆ ಕಥೆ ಕೆಟ್ಟಿದೆ ಎಂದೇ ತಿಳಿಯಬೇಕು. ದಿನವೂ ಬಳಸುವ ಪದ ತೊಟ್ಟ ಬಟ್ಟೆಯಂತೆ, ಬೇಕಾದ ಕಡೆಗೆಲ್ಲ ಹಿಗ್ಗುತ್ತದೆ.

ಹೀಗೆ ಹಿಗ್ಗುವ ಪದ ಈ ಶುಕ್ರವಾರಕ್ಕೆ ಅಂಟಿದ್ದು ಹೇಗೆ?

ಎಲ್ಲ ಭಾಷೆಗಳೂ ಹೀಗೆ ಕರೆದಿಲ್ಲ. ನಮ್ಮ ನೆರೆಯ ಮಲಯಾಳಿಗಳು ಇದನ್ನು ದುಃಖ ವೆಳ್ಳಿ ಎನ್ನುತ್ತಾರೆ, ದುಃಖದ ಶುಕ್ರವಾರ. ತಮಿಳರಿಗೆ ಇದು ಪೆರಿಯ ವೆಳ್ಳಿ, ದೊಡ್ಡ ಶುಕ್ರವಾರ. ಪುನಿತ ವೆಳ್ಳಿ ಎಂದೂ ಹೇಳುತ್ತಾರೆ. ಗ್ರೀಕರೂ ಮಹಾ ಶುಕ್ರವಾರ ಎನ್ನುತ್ತಾರೆ. ಜರ್ಮನರ ಕಾರ್‌ಫ್ರೈಟಾಗ್ ಎಂಬ ಹೆಸರಿನಲ್ಲಿ ಹಳೆಯ ಕಾಲದ ಗೋಳಾಟದ ಪದವಿದೆ. ಇಂಗ್ಲಿಷರೇ ಬಹಳ ಹಿಂದೆ ಇದನ್ನು ಉದ್ದನೆಯ ಶುಕ್ರವಾರ ಎನ್ನುತ್ತಿದ್ದರು. ಉಪವಾಸವಿದ್ದು ಮಧ್ಯಾಹ್ನದ ಬಿಸಿಲಲ್ಲಿ ಶಿಲುಬೆ ಹಾದಿ ನಡೆದವರಿಗೆ ಆ ಹೆಸರು ತಕ್ಷಣ ಅರ್ಥವಾಗುತ್ತದೆ. ‘ಗುಡ್’ ಎಂಬ ಹೆಸರು ಇಂಗ್ಲಿಷಿನಲ್ಲಿ ಬರವಣಿಗೆಗೆ ಬಂದದ್ದು 13ನೆಯ ಶತಮಾನದ ಕೊನೆಯ ಹೊತ್ತಿಗೆ. ಡಚ್ಚರೂ ಹೀಗೆಯೇ ಹೇಳುತ್ತಾರೆ.

ಇದು ಮೊದಲು ‘ಗಾಡ್ಸ್ ಫ್ರೈಡೇ’, ದೇವರ ಶುಕ್ರವಾರ ಆಗಿತ್ತು, ಬಾಯಿಂದ ಬಾಯಿಗೆ ಸವೆದು ‘ಗುಡ್’ ಆಯಿತು ಎಂದು ಹೇಳುವುದುಂಟು. ಕೇಳಲು ಸೊಗಸಾಗಿದೆ. ನಾವೂ ಹಿಂದೊಮ್ಮೆ ಪೀಠದ ಮೇಲಿಂದ ಇದನ್ನು ಹೇಳಿದ್ದೇವೆ. ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಭಾಷೆ ಬಲ್ಲವರು ಇದನ್ನು ಒಪ್ಪುವುದಿಲ್ಲ. ಗಾಡ್ ಮತ್ತು ಗುಡ್ ಬೇರೆ ಬೇರೆ ಬೇರಿನ ಪದಗಳು. ಆದರೆ ಅವೆರಡೂ ಬೇರೆ ಕಡೆ ಬಟ್ಟೆ ಬದಲಿಸಿಕೊಂಡದ್ದು ನಿಜ. ‘ಗುಡ್ ಬೈ’ ಎನ್ನುತ್ತೇವಲ್ಲ, ಅದು ಮೂಲದಲ್ಲಿ ದೇವರು ನಿಮ್ಮೊಂದಿಗಿರಲಿ ಎಂಬ ಹರಕೆ. ಅಲ್ಲಿ ಗಾಡ್ ಹೋಗಿ ಗುಡ್ ಬಂತು. ಶುಭಸಂದೇಶಕ್ಕೆ ಇಂಗ್ಲಿಷಿನಲ್ಲಿ ‘ಗಾಸ್ಪೆಲ್’ ಎನ್ನುತ್ತಾರೆ. ಅದು ಮೊದಲು ಒಳ್ಳೆಯ ಸುದ್ದಿ ಎಂದೇ ಇತ್ತು; ಅದರೊಳಗಿನ ಗುಡ್ ಜನರ ಕಿವಿಗೆ ಗಾಡ್ ಎಂದು ಕೇಳಿಸತೊಡಗಿತು.

ಹಾಗಾದರೆ ಈ ಶುಕ್ರವಾರದ ಗುಡ್ ಯಾವುದು? ಹಿಂದಿನ ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಪವಿತ್ರ’ ಎಂಬ ಅರ್ಥವೂ ಇತ್ತು. ಧರ್ಮಸಭೆ ದೇವರಿಗೆಂದು ಎತ್ತಿಟ್ಟ ದಿನ, ದೇವರಿಗೆ ಸೇರಿದ್ದು. ಬೈಬಲನ್ನು ‘ಗುಡ್ ಬುಕ್’ ಎನ್ನುವುದೂ ಈ ಅರ್ಥದಲ್ಲೇ. ಈಸ್ಟರ್‌ಗೆ ಮುಂಚಿನ ಬುಧವಾರಕ್ಕೂ ಹಿಂದೆ ‘ಗುಡ್’ ಸೇರಿಸುತ್ತಿದ್ದರು. ಆ ಅರ್ಥ ಇಂಗ್ಲಿಷಿನಿಂದ ಹೆಚ್ಚುಕಡಿಮೆ ಮರೆಯಾಯಿತು, ಹೆಸರು ಉಳಿಯಿತು. ಕನ್ನಡಕ್ಕೆ ತರುವಾಗ ನಮ್ಮ ಹಿರಿಯರು ‘ಶುಭ’ ಎಂದರು. ಶುಭ ಎಂದರೆ ನಮಗೆ ಮದುವೆಯ ಕರೆಯೋಲೆ, ಮುಹೂರ್ತ, ಗೃಹಪ್ರವೇಶ ನೆನಪಾಗುತ್ತದೆ. ದಿನಸಿ ಅಂಗಡಿಯವರು ಬಲೂನು ಕಳಿಸದೆ ಇನ್ನೇನು ಕಳಿಸುತ್ತಾರೆ! ಈಗ ಎಷ್ಟೋ ಕಡೆ ‘ಪವಿತ್ರ ಶುಕ್ರವಾರ’ ಎನ್ನುವುದು ಬಳಕೆಗೆ ಬಂದಿದೆ. ನಮಗೆ ಅದೇ ಸರಿಯೆನಿಸುತ್ತದೆ.

ಇಷ್ಟರಿಂದಲೇ ಆ ತಾಯಿಗೆ ಅರ್ಧ ಉತ್ತರ ಕೊಡಬಹುದಿತ್ತು. ಅಮ್ಮ, ಗುಡ್ ಎಂದರೆ ನಡೆದದ್ದು ಒಳ್ಳೆಯದಾಯಿತು ಎಂದಲ್ಲ, ಆ ದಿನ ದೇವರದು ಎಂದು ಹೇಳಬಹುದಿತ್ತು. ಆದರೆ ಮಗನನ್ನು ಕಳೆದುಕೊಂಡವರಿಗೆ ನಿಘಂಟು ತೆರೆದು ತೋರಿಸಿದರೆ ಏನು ಪ್ರಯೋಜನ? ಉಳಿದರ್ಧಕ್ಕೆ ಬೈಬಲನ್ನೇ ತೆರೆಯಬೇಕಾಯಿತು.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಹೀಬ್ರೂ ಭಾಷೆಯ ‘ತೋವ್’, ಅಂದರೆ ಒಳ್ಳೆಯದು ಎಂಬ ಪದ 7 ಸಲ ಬರುತ್ತದೆ. ದೇವರು ಬೆಳಕನ್ನು ನೋಡಿದರು, ನೆಲ ಕಡಲುಗಳನ್ನು ನೋಡಿದರು, ಪ್ರಾಣಿಪಕ್ಷಿಗಳನ್ನು ನೋಡಿದರು, ಒಳ್ಳೆಯದಾಗಿ ಕಂಡವು. ಮನುಷ್ಯನನ್ನೂ ಸೃಷ್ಟಿಸಿ ಎಲ್ಲವನ್ನೂ ನೋಡಿದಾಗ ಬಹಳ ಒಳ್ಳೆಯದಾಗಿ ಕಂಡಿತು. ಅದು ಆರನೆಯ ದಿನ. ಯೆಹೂದ್ಯರ ಲೆಕ್ಕದಲ್ಲಿ ಭಾನುವಾರ ಒಂದನೆಯ ದಿನ, ಶನಿವಾರ ವಿಶ್ರಾಂತಿಯ ದಿನ. ಆರನೆಯದು ಯಾವುದು? ಶುಕ್ರವಾರ! ಮನುಷ್ಯನನ್ನು ಉಂಟುಮಾಡಿ ಬಹಳ ಒಳ್ಳೆಯದೆಂದು ಕಂಡ ದಿನದಂದೇ ಆ ಮನುಷ್ಯರು ದೇವಪುತ್ರರನ್ನು ಮರಕ್ಕೆ ಜಡಿದರು.

ಮುಂದಿನ ಅಧ್ಯಾಯ ತೆರೆದರೆ ಬೈಬಲಿನಲ್ಲಿ ಮೊದಲ ಬಾರಿಗೆ ‘ಒಳ್ಳೆಯದಲ್ಲ’ ಎಂಬ ಮಾತು ಸಿಗುತ್ತದೆ. ಯಾವುದು ಒಳ್ಳೆಯದಲ್ಲ? ಪಾಪ ಇನ್ನೂ ಲೋಕಕ್ಕೆ ಬಂದಿಲ್ಲ, ಹಾವು ಮಾತಾಡಿಲ್ಲ, ಹಣ್ಣು ತಿಂದಿಲ್ಲ. ಮನುಷ್ಯ ಒಂಟಿಯಾಗಿರುವುದು, ಅದು ಒಳ್ಳೆಯದಲ್ಲ. ಇದನ್ನು ಓದಿದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕುಳಿತೆವು. ಈ ಇಂಗ್ಲಿಷ್ ಪದದ ಬೇರನ್ನು ಹುಡುಕಿದವರೂ ಹತ್ತಿರದ ಮಾತನ್ನೇ ಹೇಳುತ್ತಾರೆ. ಗುಡ್ ಎಂಬುದರ ತೀರ ಹಳೆಯ ಬೇರಿಗೆ ಸೇರುವುದು, ಕೂಡುವುದು, ಹೊಂದುವುದು ಎಂಬ ಅರ್ಥವಂತೆ. ಒಟ್ಟಿಗೆ ಎನ್ನಲು ಇಂಗ್ಲಿಷಿನಲ್ಲಿ ‘ಟುಗೆದರ್’ ಎನ್ನುತ್ತೇವಲ್ಲ, ಅದೂ ಅದೇ ಬೇರಿನದು.

ಇನ್ನು ಯೇಸುಸ್ವಾಮಿ ಈ ಪದವನ್ನು ಎಷ್ಟು ಜೋಪಾನವಾಗಿ ಮುಟ್ಟುತ್ತಾರೆ ನೋಡಿ. ಸಂತ ಮಾರ್ಕರ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಒಬ್ಬ ಆಸ್ತಿವಂತ ಓಡಿಬಂದು ಮಂಡಿಯೂರಿ ಅವರನ್ನು ಒಳ್ಳೆಯ ಗುರುವೇ ಎಂದು ಕರೆಯುತ್ತಾನೆ. ತಮ್ಮನ್ನು ಯಾಕೆ ಹಾಗೆ ಕರೆಯುತ್ತೀಯೆ, ಆ ಪದ ದೇವರೊಬ್ಬರಿಗೇ ಸೇರಿದ್ದಲ್ಲವೇ ಎಂದು ಸ್ವಾಮಿ ತಡೆಯುತ್ತಾರೆ. ಅವರೇ ಹೀಗೆ ತಡೆದ ಪದವನ್ನು ನಾವು ವಧೂವರರ ಜಾಹೀರಾತಿನಲ್ಲಿ ಎಷ್ಟು ಧಾರಾಳವಾಗಿ ಹಾಕಿಕೊಳ್ಳುತ್ತೇವೆ: ಒಳ್ಳೆಯ ಕಥೋಲಿಕ ಕುಟುಂಬ, ಒಳ್ಳೆಯ ಸಂಬಳ! ಇನ್ನು ‘ಒಳ್ಳೆಯ ಕಳ್ಳ’ ಎಂದು ನಾವು ಕರೆಯುವವನನ್ನು ಸಂತ ಲೂಕರು ಎಲ್ಲಿಯೂ ಒಳ್ಳೆಯವನು ಎಂದಿಲ್ಲ. ಅವರ ಪಾಲಿಗೆ ಆತ ಅಪರಾಧಿ, ಅಷ್ಟೇ. ‘ಒಳ್ಳೆಯ ಸಮಾರಿಯದವ’ನಿಗೂ ಅವರು ಆ ಬಿರುದು ಕೊಟ್ಟಿಲ್ಲ. ಓದಿದ ನಾವೇ ಆಮೇಲೆ ಕೊಟ್ಟೆವು.

ಪಾಡುಮರಣದ ವೃತ್ತಾಂತದಲ್ಲಿ ಈ ಪದ ಯಾರಿಗಾದರೂ ಸಿಕ್ಕಿದೆಯೇ ಎಂದು ಹುಡುಕಿದೆವು. ಎರಡು ಕಡೆ ನಮ್ಮ ಕಣ್ಣು ನಿಂತಿತು. ಬೆಥಾನಿಯದಲ್ಲಿ ಒಬ್ಬ ಹೆಂಗಸು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ತಲೆಯ ಮೇಲೆ ಸುರಿಯುತ್ತಾಳೆ. ದುಡ್ಡು ಹಾಳಾಯಿತೆಂದು ಕೂತವರು ಗೊಣಗುತ್ತಾರೆ. ಸ್ವಾಮಿ ಮಾತ್ರ ಅವಳು ತಮಗೆ ಒಳ್ಳೆಯ ಕೆಲಸ ಮಾಡಿದಳೆನ್ನುತ್ತಾರೆ. ಅಲ್ಲಿ ಬಳಸಿರುವ ಗ್ರೀಕ್ ಪದ ‘ಕಲೊಸ್’, ಚೆಲುವಾದದ್ದು ಎಂದೂ ಅರ್ಥ. ಒಳ್ಳೆಯ ಕುರಿಗಾಹಿ ಎನ್ನುವಲ್ಲಿಯೂ ಅದೇ ಪದ. ಇನ್ನೊಬ್ಬರು ಅರಿಮತಾಯದ ಜೋಸೆಫ್. ಸಂತ ಲೂಕರು ಅವರನ್ನು ಒಳ್ಳೆಯವರು, ನೀತಿವಂತರು ಎಂದೇ ಬರೆಯುತ್ತಾರೆ. ಆ ಹೆಂಗಸಿನ ತೈಲ ಶಿಲುಬೆಯನ್ನು ತಡೆಯಲಿಲ್ಲ. ಜೋಸೆಫರು ಸಭೆಯ ತೀರ್ಮಾನಕ್ಕೆ ಒಪ್ಪಿರಲಿಲ್ಲ, ಆದರೂ ಮರಣದಂಡನೆ ನಿಲ್ಲಲಿಲ್ಲ. ಒಬ್ಬರು ಆ ದೇಹಕ್ಕೆ ತೈಲ ಸುರಿದರು, ಇನ್ನೊಬ್ಬರು ಆ ದೇಹವನ್ನು ಕೇಳಿ ಪಡೆದು ಬಟ್ಟೆ ಸುತ್ತಿ ಮಲಗಿಸಿದರು. ಕೈಯಲ್ಲಿ ಆಗುವುದನ್ನು ಮಾಡಿದರು. ಆದರೆ ಯೇಸುಸ್ವಾಮಿಯನ್ನು ಜಡಿದದ್ದನ್ನು, ಉಗುಳಿದ್ದನ್ನು, ಚುಚ್ಚಿದ್ದನ್ನು ನಾಲ್ವರು ಶುಭಸಂದೇಶಕರ್ತರಲ್ಲಿ ಒಬ್ಬರೂ ಒಳ್ಳೆಯದು ಎಂದು ಕರೆಯುವುದಿಲ್ಲ. ಅಂತ್ಯಕ್ರಿಯೆಯ ಮನೆಯಲ್ಲಿ ನಾವು ಹಾಗೆ ಕರೆದೆವು. ಅದು ನಮ್ಮ ತಪ್ಪು.

ವರ್ಗವಾಗಿ ಇಲ್ಲಿಗೆ ಬರುವ ಮುಂಚೆ ಆ ತಾಯಿಯ ಮನೆಗೆ ಹೋದೆವು. ಈ ಸಲ ಏನನ್ನೂ ಹೇಳಬಾರದು, ಸುಮ್ಮನೆ ಕುಳಿತುಕೊಳ್ಳಬೇಕು ಎಂದು ನಿಶ್ಚಯಿಸಿಕೊಂಡೇ ಹೋದದ್ದು. ಪ್ರಬೋಧನೆ ಮಾಡಿ ಅಭ್ಯಾಸವಾದವರಿಗೆ ಇದು ಸುಲಭವಲ್ಲ! ಕಾಫಿ ಕೊಟ್ಟರು, ಕುಡಿದೆವು. ಗೋಡೆಯ ಮೇಲೆ ಹುಡುಗನ ಫೋಟೋ. ಬಹಳ ಹೊತ್ತಾದ ಮೇಲೆ ಅವರೇ ಮಾತು ತೆಗೆದರು.

ಅಪಘಾತವಾದ ರಾತ್ರಿ ಎಷ್ಟೋ ಗಾಡಿಗಳು ನಿಲ್ಲದೆ ಹೋದವಂತೆ. ಒಬ್ಬ ಆಟೋದವನು ನಿಲ್ಲಿಸಿದ. 108ಕ್ಕೆ ಫೋನು ಮಾಡಿ, ಹುಡುಗನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಕುಳಿತ. ಪೊಲೀಸು, ಕೋರ್ಟು ಎಂದು ಯಾರೋ ಹೆದರಿಸಿದರೂ ಏಳಲಿಲ್ಲ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ, ನಮ್ಮ ಯುವಕರಿಗೆ ಗೊತ್ತಿರಲಿ. ಹೀಗೆ ಸಹಾಯಕ್ಕೆ ನಿಂತವರನ್ನು ಕಾಪಾಡುವ ಕಾನೂನು ಈಗ ಇದೆ. ನಮ್ಮ ರಾಜ್ಯದ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು, 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯಿದೆಗೂ ಇದು ಸೇರಿತು. ಎರಡರಲ್ಲೂ ಅಂಥವರಿಗೆ ಕೊಟ್ಟಿರುವ ಹೆಸರು ‘ಗುಡ್ ಸಮಾರಿಟನ್’. ಯೇಸುಸ್ವಾಮಿ ಹೇಳಿದ ಸಾಮತಿಯ ಮನುಷ್ಯ ನಮ್ಮ ದೇಶದ ಕಾನೂನಿನ ಪುಸ್ತಕದಲ್ಲಿದ್ದಾನೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ವಿಳಾಸ ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ.

ಆ ಆಟೋದವನು ನಮ್ಮ ಧರ್ಮದವನಲ್ಲ. ಎರಡು ತಿಂಗಳ ಮೇಲೆ ಮನೆ ಹುಡುಕಿಕೊಂಡು ಬಂದನಂತೆ. ದುಡ್ಡಿಗಲ್ಲ. “ಕೊನೇವರೆಗೂ ಕೈ ಹಿಡ್ಕೊಂಡಿದ್ದೆ ಅಮ್ಮ. ನಿಮಗೆ ಹೇಳ್ಬೇಕು ಅನ್ನಿಸ್ತು” ಎಂದು ಹೇಳಿ, ನೀರು ಕುಡಿದು ಹೋದ.

ಇದನ್ನು ಹೇಳಿ ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಅವರು ಆಡಿದ ಮಾತನ್ನು ಅವರ ಅನುಮತಿ ಕೇಳಿಯೇ ಇಲ್ಲಿ ಹೇಳುತ್ತಿದ್ದೇವೆ. “ನನ್ನ ಮಗ ಹೋಗಿದ್ದು ಒಳ್ಳೇದಲ್ಲ ಫಾದರ್. ಯಾರು ಹೇಳಿದ್ರೂ ನಾನು ಒಪ್ಪಲ್ಲ. ಆದ್ರೆ ಒಬ್ಬನೇ ಹೋಗ್ಲಿಲ್ಲ. ಅದೊಂದು ಒಳ್ಳೇದು.”

ಹೌದು ಅಮ್ಮ ಎಂದೆವು. ಅದಕ್ಕಿಂತ ಹೆಚ್ಚಿಗೆ ಹೇಳಲಿಲ್ಲ.

ಈಗ ತಾನೇ ಸಂತ ಯೊವಾನ್ನರ ವೃತ್ತಾಂತವನ್ನು ಕೇಳಿದಿರಿ. ಶಿಲುಬೆಯ ಬುಡದಲ್ಲಿ ಯಾರಿದ್ದರು? ತಾಯಿ, ಇನ್ನು ಕೆಲವು ಸ್ತ್ರೀಯರು, ಒಬ್ಬ ಶಿಷ್ಯ. ಮೊಳೆ ಕೀಳಲು ಅವರಿಗೆ ಆಗಲಿಲ್ಲ, ನಿಂತಿದ್ದರು. ಉಸಿರಿಗೂ ಕಷ್ಟಪಡುತ್ತಿದ್ದ ಸ್ವಾಮಿ ಆ ತಾಯಿಯನ್ನು ಆ ಶಿಷ್ಯನಿಗೂ, ಆ ಶಿಷ್ಯನನ್ನು ಆ ತಾಯಿಗೂ ಸೇರಿಸಿದರು. ದೇವರೇ ತಮ್ಮನ್ನು ಕೈಬಿಟ್ಟರೆಂದು ಅವರು ಕೂಗಿದ್ದನ್ನು ಸಂತ ಮಾರ್ಕರೂ ಸಂತ ಮತ್ತಾಯರೂ ಬರೆದಿದ್ದಾರೆ. ಮನುಷ್ಯನ ಯಾವ ಒಂಟಿತನವನ್ನು ದೇವರು ಮೊದಲ ದಿನಗಳಲ್ಲೇ ಒಳ್ಳೆಯದಲ್ಲ ಎಂದರೋ ಅದರ ತಳದವರೆಗೆ ಅವರು ಇಳಿದರು. ಹೆದ್ದಾರಿಯ ಬದಿಯಲ್ಲಿ ಬಿದ್ದವನ ಬಳಿಯೂ ಅವರಿದ್ದರು. ಆ ಆಟೋದವನ ತೊಡೆಯ ರೂಪದಲ್ಲಿ ಇದ್ದರು ಎಂದು ನಾವು ನಂಬುತ್ತೇವೆ.

ಇನ್ನು ಸಾರ್ವತ್ರಿಕ ಪ್ರಾರ್ಥನೆಗಳಿಗೆ ಎದ್ದು ನಿಲ್ಲೋಣ. ಅವು ಒಟ್ಟು 10. ಕೊನೆಯದು ಸಂಕಟದಲ್ಲಿರುವವರಿಗಾಗಿ. ಅದನ್ನು ಹೇಳುವಾಗ ನಿಮ್ಮ ನಿಮ್ಮ ಮನೆಯ ಒಂದು ಹೆಸರನ್ನು ಮನಸ್ಸಿನಲ್ಲಿ ಸೇರಿಸಿಕೊಳ್ಳಿ. ನಾವು ಆ ಹುಡುಗನ ಹೆಸರನ್ನೂ, ಹೆಸರು ಗೊತ್ತಿಲ್ಲದ ಆ ಆಟೋದವನನ್ನೂ ಸೇರಿಸಿಕೊಳ್ಳುತ್ತೇವೆ. ಆಮೇಲೆ ಶಿಲುಬೆ ಬರುತ್ತದೆ. ನೂಕುನುಗ್ಗಲು ಬೇಡ, ಎಲ್ಲರಿಗೂ ಸಮಯವಿದೆ. ಮಂಡಿಯೂರಲು ಆಗದ ಹಿರಿಯರು ಇದ್ದಲ್ಲೇ ಕುಳಿತಿರಿ. ಶಿಲುಬೆಯನ್ನು ನಾವೇ ನಿಮ್ಮ ಬಳಿಗೆ ತರುತ್ತೇವೆ.